ಮುರುಗಲ ಬಣ್ಣದ ಎಂಜಿನ್

ದಾಂಡೇಲಿ
೧೧ ಜುಲೈ ೨೦೨೪

ವಿದ್ಯಾವತಿ ಅಕ್ಕೋರಿಗೆ ಹುಸೇನಸಾಬರ ಮಗಳು ಅಸ್ಮಾಳ ನಮಸ್ಕಾರ.

ನಿಮ್ಮ ಗಾಡಿ ಎಂಜಿನ್ ಹುಬ್ಬಳ್ಳಿಯಿಂದ ತಿರುಗಿ ಬಂದೇತಿ. ಸಿಲಿಂಡರಿನ ಬೋರು ಚಲೋ ಹೊಡದಾರ, ಬಿರುಕು ಏನೂ ಇಲ್ಲ. ಅಬ್ಬಾ ಇದ್ದಿದ್ರ ಬೆರಳಲೆ ಬಡದು ಸಪ್ಪಳಾ ಕೇಳಿ "ಇನ್ನೂ ಜೀವಾ ಐತಿ" ಅಂತಿದ್ರು. ಅವರು ತೀರಿಕೊಂಡ ಮ್ಯಾಲ ಒಂದು ಇಡೀ ಗಾಡಿ ಕೆಲಸ ನಾ ಒಬ್ಬಾಕೀನ ಹಿಡದದ್ದು ಇದ ಮೊದಲು.

ಒಂದು ಅಡಚಣಿ ಆಗೇತಿ. ಹುಬ್ಬಳ್ಳಿಯವರು ಎಂಜಿನ್ನ ಬಿಸಿ ಕಾಸ್ಟಿಕ್ ನೀರಿನ್ಯಾಗ ಮುಳಗಿಸಿ ತೊಳದಾರ. ಜಿಡ್ಡಿನ ಕೂಡ ಬಣ್ಣಾನೂ ಪೂರಾ ಹೋತು. ಈಗ ಬರೇ ಬೂದಿ ಬಣ್ಣದ ಬೀಡು ಕಬ್ಬಿಣ. ಪುಣೆಯೊಳಗ ಹಳೇ ಗಾಡಿ ಇಟ್ಟವರಿಗೆ ಫೋನ್ ಮಾಡಿ ಕೇಳಿದೆ. ಆ ಕಾಲದ ಎಂ.ಜಿ. ಎರಡು ಸೀಟಿನ ಗಾಡಿಗೆ ಕಂಪನಿಯವರು ಎಂಜಿನ್ನಿಗೆ ಮರೂನ್ ಹಚ್ಚತಿದ್ರು ಅಂದ್ರು. ಎಂಥಾ ಮರೂನ್ ಅಂತ ಕೇಳಿದ್ರ ಫೋಟೋ ಕಳಿಸಿದ್ರು. ಅದು ನನ್ನ ಫೋನಿನ್ಯಾಗ ಕೆಂಪು, ನಮ್ಮಣ್ಣ ಸಲೀಮನ ಫೋನಿನ್ಯಾಗ ಕಂದು. ನೀವೂ ಫೋನಿನ್ಯಾಗ ಚಿತ್ರ ನೋಡೂದಿಲ್ಲ ಅಂದೀರಿ. ಅದಕ್ಕ ತಗಡಿನ ತುಂಡಿಗೆ ಬಣ್ಣ ಹಚ್ಚಿ ಅಂಚೀಲೆ ಕಳಸೇನಿ. ಒಂದಕ್ಕ ತೂತು ಹೊಡದೇನಿ, ಒಂದರ ಮೂಲಿ ಕತ್ತರಿಸೇನಿ, ಇನ್ನೊಂದು ಹಂಗ ಐತಿ. ಆ ಗಾಡಿ ಹೊಡದವರು ನೀವು, ಮ್ಯಾಲ ಚಿತ್ರಕಲಾ ಅಕ್ಕೋರು. ಯಾವುದು ಖರೇ ಅಂತ ಹೇಳ್ರಿ.

ಜನವರಿಯೊಳಗ ಬೆಳಗಾವಿಯಾಗ ಹಳೇ ಗಾಡಿಗಳ ಪ್ರದರ್ಶನ ಐತಿ. ಬಾನೆಟ್ ಎತ್ತಿಸಿ ನೋಡ್ತಾರಂತ. ಸಲೀಮಣ್ಣಗ ಅಬ್ಬಾನ ಈ ಗ್ಯಾರೇಜ್ ಶೆಡ್ಡು ಬೇಕಾಗೇತಿ, ರಾಫ್ಟಿಂಗಿಗೆ ಬರೂ ಮಂದಿ ಜೀಪು ನಿಲ್ಲಸಾಕ. ಪ್ರದರ್ಶನ ಆಗೂತನಕ ತಡಿ, ಇದರಿಂದ ಇನ್ನೊಂದರೆ ಗಾಡಿ ಕೆಲಸ ಬರಲಿಲ್ಲಂದ್ರ ನಿನಗ ಬಿಟ್ಟೆ ಅಂತ ಮಾತು ಕೊಟ್ಟೇನಿ. ಲಗೂ ತಿಳಸ್ರಿ.

ಅಸ್ಮಾ


ಮುಂಡಗೋಡ
೧೯ ಜುಲೈ ೨೦೨೪

ಅಸ್ಮಾಗೆ ಆಶೀರ್ವಾದ.

ಕಾಸ್ಟಿಕ್ಕಿನ್ಯಾಗ ಮುಳಗಿಸೂಕಿಂತ ಮೊದಲು ಒಂದು ಸಂದಿಯಾಗ ಉಗರಲೆ ಕೆರದು ನೋಡೂಣು ಅನ್ನೂ ಬುದ್ಧಿ ಒಬ್ಬರಿಗೂ ಬರಲಿಲ್ಲೇನು? ನಿಮ್ಮಪ್ಪ ಇದ್ದಿದ್ರ ನಿನ್ನ ಕಿವಿ ಹಿಂಡತಿದ್ದ.

ಮರೂನ್ ಅನ್ನೂದು ಖರೇ. ನಮ್ಮಪ್ಪ ಪೇಪರ್ ಮಿಲ್ಲಿನ್ಯಾಗ ಇಂಜಿನಿಯರ್ ಇದ್ದಾಗ ಊರಿಗೆ ಹೊಂಟ ಒಬ್ಬ ಇಂಗ್ಲಿಷ್ ಸಾಹೇಬನ ಕಡಿಂದ ಆ ಗಾಡಿ ತೊಗೊಂಡ್ರು. ನಿಮ್ಮಪ್ಪ ಬಾನೆಟ್ ಎತ್ತಿ ಕೆಲಸ ಮಾಡೂ ಮುಂದ ನಾ ಬಾಜೂಕ ನಿಂತು ಪಾನಾ ಕೊಡತಿದ್ದೆ. ಮುರುಗಲ ಹಣ್ಣು ಒಡದು ಒಂದು ದಿನಾ ಬಿಸಲಿಗೆ ಹಾಕಿದ್ರ ಸಿಪ್ಪಿ ಯಾವ ಬಣ್ಣಕ್ಕ ಬರತೈತಿ? ಆ ಬಣ್ಣ. ಅದರಾಗ ಕೆಂಪೂ ಐತಿ, ಕತ್ತಲಿನೂ ಐತಿ, ಮಣ್ಣು ಮಾತ್ರ ಇಲ್ಲ.

ನೀ ಕಳಿಸಿದ್ದು ಮೂರೂ ತಪ್ಪು. ತೂತಿಂದು ಇಟ್ಟಂಗಿ. ಮೂಲಿ ಕತ್ತರಿಸಿದ್ದು ಶಗಣಿ. ಹಂಗ ಬಿಟ್ಟದ್ದು ಹಳೇ ಹುಣಸಿಹಣ್ಣು. ಬಣ್ಣ ಕಲಿಸೇ ಹೊಟ್ಟಿ ಹೊರದಾಕಿ ನಾ. ನನ್ನ ಮುಂದ ಇಂಥಾವು ಇಡಬ್ಯಾಡ.

ಇನ್ನೊಂದು. ನೀ ಬರೆಯೂ ಅಕ್ಷರ ಇರುವಿ ಸಾಲು ಹೊಂಟಂಗ ಅದಾವು. ದೊಡ್ಡದಾಗಿ ಬರಿ. ಮತ್ತ ಗಾಡಿ ತಯಾರಾದ ಮ್ಯಾಲ ಡ್ರೈವರ್ ಹುಡುಕಬ್ಯಾಡ. ನಾನ ಹೊಡೀತೇನಿ.

ವಿದ್ಯಾವತಿ


ದಾಂಡೇಲಿ
೩೦ ಜುಲೈ ೨೦೨೪

ಅಕ್ಕೋರಿಗೆ ನಮಸ್ಕಾರ.

ಬಿಸಲಿಗೆ ಒಂದು ದಿನಾ ಹಾಕಿದ ಮುರುಗಲ ಸಿಪ್ಪಿ ಈ ಮಳಿಯಾಗ ಎಲ್ಲಿಂದ ತರಲಿ? ಸೀಸನ್ ಮುಗದು ಎರಡು ತಿಂಗಳಾತು. ಅಣಶಿಯಿಂದ ಬರೂ ಗಂಗೂ ಮಾವಶಿಗೆ ಹೇಳಿ ತರಿಸಿದೆ. ಅವರ ಕಡೆ ಅದಕ್ಕ ಭಿರಂಡ ಅಂತಾರ. ಒಣಗಿ ಕರ್ರಗ ಆಗಿತ್ತು. ನೀರಾಗ ನೆನಸಿ, ಹಿಂಡಿ, ತಗಡಿನ ಬಾಜೂಕಿಟ್ಟು ಬಣ್ಣ ಕೂಡಿಸೇನಿ. ಸಲೀಮಣ್ಣ ನೋಡಿ, "ಎಂಜಿನ್ ಮಾಡಾಕತ್ತೀಯೇನ, ಸಾರ ಮಾಡಾಕತ್ತೀಯೇನ" ಅಂದ.

ಅಕ್ಕೋರ, ಎಂಜಿನ್ ಬಣ್ಣ ಗ್ವಾಡಿ ಬಣ್ಣ ಇದ್ದಂಗಲ್ಲ. ಕಾಯ್ದ ಮ್ಯಾಲ ಕಪ್ಪು ತಿರಗತೈತಿ. ಅದಕ್ಕ ಒಂದೊಂದು ತಗಡೂ ಹಚ್ಚಿ, ಆರಿಸಿ, ಹಂಚಿನ ಮ್ಯಾಲ ಕಾಯಿಸಿ ಕಳಸಾಕತ್ತೇನಿ. ರೊಟ್ಟಿಗೆ ಥಿನ್ನರ್ ವಾಸನಿ ಬರತೈತಿ ಅಂತ ಅಮ್ಮೀ ದಿನಾ ಬೈತಾಳ. ನಿಮ್ಮ ಕಡೆ ಪೋಸ್ಟ್‌ಮನ್ ಗೂಳಪ್ಪಗ ತಗಡು ಚುಚ್ಚಿ ಬೆರಳು ಕೊಯ್ತಂತ ಇಲ್ಲಿ ಅಂಚೆ ಕಚೇರಿ ತನಕ ಸುದ್ದಿ ಬಂದೇತಿ. ಈ ಸಲಾ ಹತ್ತಿ ಅರಳಿಯಾಗ ಸುತ್ತೇನಿ.

ಇಷ್ಟೆಲ್ಲಾ ಯಾಕ್ರಿ? ನೀವ ಒಂದ ದಿನಾ ಬಂದು ನೋಡಿ ಹೋಗ್ರಿ. ಹಳಿಯಾಳ ತನಕ ಬಸ್ಸಿಗೆ ಬಂದ್ರ ಸಾಕು, ಅಲ್ಲಿಂದ ನಾ ಕರಕೊಂಡು ಬರತೇನಿ. ಎಂಜಿನ್ ಮುಂದ ನಿಂತು ಬೆರಳು ತೋರಿಸಿದ್ರ ಒಂದು ತಾಸಿನ ಕೆಲಸ.

ಅಸ್ಮಾ


ಮುಂಡಗೋಡ
೮ ಆಗಸ್ಟ್ ೨೦೨೪

ಅಸ್ಮಾ,

ಬರಾಕ ಆಗೂದಿಲ್ಲ. ನಾಟಿ ನಡದೇತಿ, ಗದ್ದಿಗೆ ಹೋಗೂ ಆಳಿಗೆ ಬುತ್ತಿ ಕಟ್ಟಬೇಕು. ಮೊಣಕಾಲು ಹಿಡಕೊಂಡಾವು. ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲ. ಮ್ಯಾಲ ಬೀಗರು ಬರವ್ರದಾರ.

ನೀ ಕಳಿಸಿದ್ದು ಎಲ್ಲಾ ಮಣ್ಣ ಮಣ್ಣ. ಕೆಂಪಿಗೆ ಕಪ್ಪು ಕಲಸಾಕತ್ತೀ, ನನಗ ಇಲ್ಲೇ ಕುಂತು ಗೊತ್ತಾಗತೈತಿ. ಕೆಂಪಿಗೆ ಕಪ್ಪು ಹಾಕಿದ್ರ ಕಂದು ಬರತೈತಿ, ಮರೂನ್ ಬರೂದಿಲ್ಲ. ನೀಲಿ ಹಾಕು. ಇದು ಐದನೇ ಇಯತ್ತೆ ಹುಡುಗೂರಿಗೂ ಗೊತ್ತಿರತೈತಿ.

ವಿದ್ಯಾವತಿ


ದಾಂಡೇಲಿ
೧೬ ಆಗಸ್ಟ್ ೨೦೨೪

ಅಕ್ಕೋರಿಗೆ,

ನೀಲಿ ಹಾಕೇನಿ. ಮೊದಲೂ ಹಾಕಿದ್ದೆ, ಹೇಳಿದ್ದಿಲ್ಲ ಅಷ್ಟ. ಈಗ ಇನ್ನೂ ಹಾಕೇನಿ. ನನ್ನ ಕಣ್ಣಿಗೆ ಇದು ಬರೋಬ್ಬರಿ ಮರೂನ್. ಪುಣೆಯವರೂ ಹೂಂ ಅಂದ್ರು.

ಒಂದು ಮಾತು ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಪತ್ರ ತೆಗದ್ರ ಅಮ್ಮೀ ಅಂಜತಾಳ. ಒಂದು ಸಾಲಿಗೆ ಮೂರ ಶಬ್ದ, ಒಂದೊಂದು ಅಕ್ಷರ ಬೆರಳಷ್ಟು ದೊಡ್ಡವು. ಹಿಂಗ ಒದರೂವಂಥಾದ್ದು ನಾ ಏನು ಮಾಡೇನ್ರಿ?

ಅಸ್ಮಾ


ಮುಂಡಗೋಡ
೨೩ ಆಗಸ್ಟ್ ೨೦೨೪

ಇನ್ನೂ ನೀಲಿ ಹಾಕು.
ವಿದ್ಯಾವತಿ


ದಾಂಡೇಲಿ
೨೭ ಆಗಸ್ಟ್ ೨೦೨೪

ಅಕ್ಕೋರಿಗೆ,

ನೀವು ಹೇಳಿದಂಗ ಹಾಕೇನಿ. ಡಬ್ಬಿ ಬಗ್ಗಿಸಿ ಹಾಕೇನಿ. ಏನಾಗೇತಿ ನೀವ ನೋಡ್ರಿ. ಇದನ್ನ ನೋಡಿದ ಮ್ಯಾಲರೆ ನಾ ಹೇಳೂದು ನಿಮಗ ತಿಳೀತೈತಿ ಅಂತ ಕಳಸೇನಿ, ಬ್ಯಾರೆ ಏನಿಲ್ಲ.

ಅಸ್ಮಾ


ಮುಂಡಗೋಡ
೪ ಸೆಪ್ಟೆಂಬರ್ ೨೦೨೪

ಅಸ್ಮಾಗೆ ಅನೇಕ ಆಶೀರ್ವಾದ.

ಇದು! ಇದ ನೋಡು! ಕಿಡಕಿಯಾಗ ಹಿಡದು ನೋಡಿದೆ, ಅಂಗಳದಾಗ ಹಿಡದು ನೋಡಿದೆ. ನಮ್ಮಪ್ಪ ಬಾನೆಟ್ ಎತ್ತಿ ನಿಂತಂಗ ಆತು. ನಾ ಮೊದಲ ಹೇಳಿದ್ದೆ, ನೀಲಿ ಸಾಲವಲ್ದು ಅಂತ. ಹಿರ್ಯಾರ ಮಾತು ಮೊದಲ ಕೇಳಿದ್ರ ಇಷ್ಟ ತಗಡು ಹಾಳಾಗತಿದ್ದಿಲ್ಲ. ಇದನ್ನ ಹಚ್ಚು. ಇನ್ನ ಕೇಳಬ್ಯಾಡ.

ವಿದ್ಯಾವತಿ


ದಾಂಡೇಲಿ
೯ ಸೆಪ್ಟೆಂಬರ್ ೨೦೨೪

ಅಕ್ಕೋರಿಗೆ,

ನೀವು ಒಪ್ಪಿದ್ದು ಮರೂನ್ ಅಲ್ಲ. ನೇರಳಿ. ನೇರಳಿ ಹಣ್ಣು ತಿಂದ ನಾಲಿಗಿ ಬಣ್ಣ. ಅಮ್ಮೀಗೆ ತೋರಿಸಿದೆ, ಸಲೀಮಣ್ಣಗ ತೋರಿಸಿದೆ, ಪಂಕ್ಚರ್ ತಿದ್ದಿಸಾಕ ಬಂದವರಿಗೂ ತೋರಿಸಿದೆ. ನೇರಳಿ ಅನ್ನಲಾರದವರು ಒಬ್ಬರೂ ಇಲ್ಲ. ಇದನ್ನ ಎಂಜಿನ್ನಿಗೆ ಹಚ್ಚಿ ಬೆಳಗಾವಿಗೆ ಒಯ್ದ್ರ ಮಂದಿ ಬಾನೆಟ್ ಮುಚ್ಚಿ ನಗತಾರ. ನಿಮಗ ನಗೂದಿಲ್ಲ, ನನಗ ನಗತಾರ.

ಜುಲೈದಿಂದ ನಾ ಬ್ಯಾರೆ ಕೆಲಸ ಬಿಟ್ಟು ಕುಂತೇನಿ. ಬರ್ರಿ ಅಂದ್ರ ನಾಟಿ ಅಂತೀರಿ, ಮೊಣಕಾಲು ಅಂತೀರಿ, ಬೀಗರು ಅಂತೀರಿ. ಚಲೋ ಇದ್ದದ್ದಕ್ಕ ಶಗಣಿ ಅಂತೀರಿ, ಕೆಟ್ಟದ್ದಕ್ಕ ಇದ ನೋಡು ಅಂತೀರಿ. ನಿಮಗ ಬಣ್ಣ ಬ್ಯಾಡಾಗೇತಿ, ನನ್ನ ಕುಣಿಸೂದು ಬೇಕಾಗೇತಿ. ಇಷ್ಟ ವರ್ಷ ನೀವು ಸಾಲಿ ಹುಡುಗೂರಿಗೆ ಯಾವ ಬಣ್ಣ ಕಲಿಸಿದ್ರಿ? ಕೆಂಪಿಗೂ ನೇರಳಿಗೂ ಫರಕು ಗೊತ್ತಿಲ್ಲದವರು ಚಿತ್ರಕಲಾ ಅಕ್ಕೋರು ಹೆಂಗಾದ್ರಿ?

ಇನ್ನ ನನ್ನಿಂದ ಆಗೂದಿಲ್ಲ. ಒಂದ ಮಾತಿನ್ಯಾಗ ಹೇಳ್ರಿ, ಏನು ಹಚ್ಚಲಿ?

ಅಸ್ಮಾ


ಮುಂಡಗೋಡ
೧೬ ಸೆಪ್ಟೆಂಬರ್ ೨೦೨೪

ಕರೇ ಬಣ್ಣ ಹಚ್ಚು.
ಅದರಾಗ ಜಗಳಾಡೂದು ಏನೂ ಇರೂದಿಲ್ಲ.

ವಿದ್ಯಾವತಿ


ದಾಂಡೇಲಿ
೨೬ ಸೆಪ್ಟೆಂಬರ್ ೨೦೨೪

ಅಕ್ಕೋರಿಗೆ,

ಸಂತಿ ದಿನಾ ನಿಮ್ಮ ಮನಿಗೆ ಬಂದು ಪತ್ರ ಓದಿದಾಕಿ ತುಳಜಾ ಅಲ್ಲ. ನಾ.

ಜಗಳಾಡಬೇಕಂತನ ಬಂದಿದ್ದೆ. ಬಸ್ಸಿನ್ಯಾಗ ದಾರೀ ತುಂಬ ಏನೇನು ಅನ್ನಬೇಕು ಅನ್ನೂದನ್ನ ಬಾಯಿಪಾಠ ಮಾಡಕೋತ ಬಂದೆ. ನೀವು ಕಟ್ಟಿ ಮ್ಯಾಲ ಮೊರ ಹಿಡದು ಅಕ್ಕಿ ಹಸನ ಮಾಡಾಕತ್ತಿದ್ರಿ. ಕಣ್ಣು ರಸ್ತಾದ ಕಡೆ, ಬೆರಳು ಅಕ್ಕಿಯೊಳಗ. ಹಳ್ಳು ಅಲ್ಲೇ ಉಳೀತಿದ್ವು, ಅಕ್ಕಿ ಕೆಳಗ ಬೀಳತಿತ್ತು. ನಾ ಚಪ್ಪಲಿ ಬಿಡೂದ್ರಾಗ ನೀವು ಅಂದ್ರಿ, "ತುಳಜಾ, ಬಂದೇನ? ಆ ದಾಂಡೇಲಿ ಹುಡುಗಿ ಪತ್ರ ಇನ್ನೊಮ್ಮೆ ಓದು. ಈ ಸಲಾ ನುಂಗಬ್ಯಾಡ."

ಚ್ಯಾಷ್ಟಿ ಮಾಡಾಕತ್ತೀರಿ ಅಂತ ತಿಳದೆ. ಆದ್ರ ನೀವು ಪತ್ರ ಹಿಡದ ಕೈ ನನ್ನ ಕಡೆ ಚಾಚಿದ್ದಿಲ್ಲ, ಕಂಬದ ಕಡೆ ಚಾಚಿದ್ರಿ. ಬಾಜೂಕ ಭೂತಗನ್ನಡಿ ಇತ್ತು. ಕಿಡಕಿಯಾಗ ನನ್ನ ತಗಡು ಎಲ್ಲಾ ಸಾಲಾಗಿ ನಿಂತಿದ್ವು, ಒಂದೂ ಬಿಸಾಡಿದ್ದಿಲ್ಲ.

ಆವಾಗ ಹೇಳಬೇಕಿತ್ತು ನಾ ಅಸ್ಮಾ ಅಂತ. ಅದನ್ನ ಬಿಟ್ಟು ಕುಂತು ಓದಿದೆ. ನಾ ಬರದದ್ದನ್ನ ನಾನ ಒದರಿ ಓದಬೇಕಾತು. ಬರೆಯೂ ಮುಂದ ಅದು ಇಷ್ಟು ಕೆಟ್ಟ ಕೇಳಸ್ತಿದ್ದಿಲ್ಲ. ಸಾಲಿ ಹುಡುಗೂರಿಗೆ ಯಾವ ಬಣ್ಣ ಕಲಿಸಿದ್ರಿ ಅನ್ನೂ ಸಾಲು ಬಂತು. ಅದನ್ನ ದಾಟಿಸಿ ಮುಂದ ಹೋದೆ. ನೀವು ಮೊರ ಕೆಳಗಿಟ್ಟು ಅಂದ್ರಿ, "ತುಳಜಾನೂ ಅಲ್ಲೇ ನುಂಗಿದ್ಳು. ನೀನೂ ಅಲ್ಲೇ ನುಂಗಿದಿ."

ನಾ ತುಳಜಾ ಅಲ್ಲ ಅಂತ ನಿಮಗ ಗೊತ್ತಾಗೇತಿ ಅಂತ ಆವಾಗ ತಿಳೀತು. ಪತ್ರ ಅಲ್ಲೇ ಬಿಟ್ಟು ಓಡಿ ಬಂದೆ. ತಪ್ಪಾತು ಅಕ್ಕೋರ.

ಆದ್ರ ಒಂದ ಕೇಳತೇನಿ. ಕಣ್ಣು ಕಾಣೂದಿಲ್ಲ ಅಂತ ಒಂದ ಸಾಲು ಬರದಿದ್ರ ಏನಾಗತಿತ್ತ್ರಿ? ಮೂರು ತಿಂಗಳು ನಾ ಅಮ್ಮೀ ಹಂಚು ಸುಟ್ಟೆ, ಗೂಳಪ್ಪನ ಬೆರಳು ಕೊಯ್ತು, ನಿಮ್ಮ ಅಕ್ಷರ ನೋಡಿ ನೀವು ನನಗ ಒದರಾಕತ್ತೀರಿ ಅಂತ ನಾ ನಿದ್ದಿಗೆಟ್ಟೆ. ಯಾಕ ಹೇಳಲಿಲ್ಲ?

ಅಸ್ಮಾ


ಮುಂಡಗೋಡ
೩ ಅಕ್ಟೋಬರ್ ೨೦೨೪

ಅಸ್ಮಾಗೆ,

ಇದು ತುಳಜಾನ ಅ‌ಕ್ಷರ. ನಾ ಹೇಳಾಕತ್ತೇನಿ, ಆಕಿ ಬರಿಯಾಕತ್ತಾಳ. ನಮ್ಮ ಮನಿ ಕೆಲಸಕ್ಕ ತಾಂಡಾದಿಂದ ಬರತಾಳ, ನನಗಿಂತ ಚಂದ ಬರೀತಾಳ.

ದಾಂಡೇಲಿಯಿಂದ ಮುಂಡಗೋಡಕ್ಕ ಬಂದು, ಮನಿ ಬಾಗಲಾ ತನಕ ಬಂದು, ಒಂದು ಕಪ್ ಚಹಾ ಕುಡೀಲಾರದ ಓಡೂದಂದ್ರ ಏನು? ಒಲಿ ಮ್ಯಾಲ ಇಟ್ಟಿದ್ದೆ, ಉಕ್ಕಿ ಹೋತು. ನೀ ಪತ್ರದ ಮೊದಲನೇ ಸಾಲು ಓದಿದಾಗ ನನಗ ಗೊತ್ತಾತು, ಆ ಸಾಲನ್ನ ತುಳಜಾ ಬ್ಯಾರೆ ನಮೂನಿ ಓದಿದ್ಳು. ನೀ ಮಾತ್ರ ಬೈಯೂ ಮುಂದ ಎಲ್ಲಿ ಉಸರು ತೊಗೊಂಡಿದ್ದೀ, ಅಲ್ಲೇ ತೊಗೊಂಡಿ. ಬರದಾಕೀನ ಹಂಗ ಓದತಾಳ.

ಎರಡೂ ಕಣ್ಣಿಗೆ ಪೊರಿ ಬಂದಾವು. ಮೋತಿಬಿಂದು. ಹುಬ್ಬಳ್ಳಿ ಡಾಕ್ಟರ್ ಹ್ವಾದ ವರ್ಷನ ಆಪರೇಶನ್ ಮಾಡಿಸ್ರಿ ಅಂದ್ರು. ನಾ ಮಾಡಿಸಲಿಲ್ಲ. ಯಾಕಂದ್ರ ಹೇಳತೇನಿ. ಊರಾಗ ಯಾರ ಮನಿ ಮದವಿ ಇರಲಿ, ಸೀರಿಗೆ ಯಾವ ಕುಪ್ಪಸ ಹೊಂದತೈತಿ ಅಂತ ನನ್ನ ಕೇಳಾಕ ಬರತಾರ. ವಿದ್ಯಾವತಿ ಅಕ್ಕೋರಿಗೆ ಬಣ್ಣ ಕಾಣವಲ್ದು ಅಂತ ಗೊತ್ತಾದ್ರ ನನ್ನ ಕಡೆ ಯಾರು ಯಾಕ ಬರತಾರ? ನಿನಗ ಹೇಳಿದ್ರ ಕುರುಡಿ ಕೈಯಾಗ ಗಾಡಿ ಯಾರು ಕೊಡತಾರ ಅಂತ ಚಾವಿ ಮುಚ್ಚಿಡತಿದ್ದಿ.

ಮತ್ತೊಂದು ಅಂಜಿಕಿ ಐತಿ. ಪೊರಿ ತೆಗದ ಮ್ಯಾಲ, ನಾ ಇಷ್ಟ ದಿನಾ ನೆನಪಿನ್ಯಾಗ ಹಿಡಕೊಂಡ ಬಣ್ಣಾನ ಸುಳ್ಳು ಅಂತಾದ್ರ?

ನನ್ನ ಕರಕೊಂಡು ಹೋಗು ಅಂತ ನಾ ನಿನ್ನ ಕೇಳಾಕತ್ತಿಲ್ಲ. ಸುದ್ದಿ ತಿಳಿಸೇನಿ, ಅಷ್ಟ.

ವಿದ್ಯಾವತಿ

ಅಕ್ಕೋರು ಹೇಳಲಾರದ್ದು ಒಂದು ನಾನ ಬರದೇನಿ: ಹುಬ್ಬಳ್ಳಿಗೆ ಹೋಗಾಕ ಚೀಲಾ ತುಂಬಿ ಇಟ್ಟಾರ. ನೀವು ಯಾವಾಗ ಬರತೀರಿ ತಿಳಸ್ರಿ. ತುಳಜಾ.


ದಾಂಡೇಲಿ
೯ ಅಕ್ಟೋಬರ್ ೨೦೨೪

ಅಕ್ಕೋರಿಗೆ,

ಮುಂದಿನ ಸೋಮವಾರ ಮುಂಜಾನೆ ಸಲೀಮಣ್ಣನ ಜೀಪು ತೊಗೊಂಡು ಬರತೇನಿ. ನಾಟಿ ಮುಗದೇತಿ, ಬೀಗರು ಹೋಗ್ಯಾರ. ಮೊಣಕಾಲು ನೂಸಿದ್ರ ಎತ್ತಿ ಕುಂಡ್ರಸತೇನಿ. ಈ ಸಲಾ ಚಹಾ ಕುಡದ ಹೊಂಡೂಣು.

ಅಸ್ಮಾ


ಮುಂಡಗೋಡ
೧೫ ನವೆಂಬರ್ ೨೦೨೪

ಅಸ್ಮಾಗೆ,

ನನ್ನ ಕೈಲೇನ ಬರದೇನಿ. ಬಲಗಣ್ಣು ಪೂರಾ ಮಾಯ್ದೇತಿ, ಔಷಧದ ಹನಿ ಬಿಡೂದು ಮುಗೀತು. ಎಡಗಣ್ಣಿಂದು ಜನವರಿಯಾಗ ಮಾಡತಾರಂತ.

ನಮ್ಮ ಪಡಸಾಲಿ ಗ್ವಾಡಿ ಬಿಳೇದು! ಬಣ್ಣ ಹಚ್ಚಿದವರು ಕೆನಿ ಬಣ್ಣ ಹಚ್ಚಿ ಮೋಸ ಮಾಡ್ಯಾರ ಅಂತ ನಾ ಎರಡು ವರ್ಷದಿಂದ ಅವರನ್ನ ಬೈಕೋತ ಬಂದೇನಿ.

ನಿನ್ನಿ ಮುಂಜಾನೆ ಕಿಡಕಿ ಮುಂದ ಕುಂತೆ. ನಿನ್ನ ತಗಡು ಒಂದೊಂದ ಎತ್ತಿ ಮೊದಲು ಬಲಗಣ್ಣು ಮುಚ್ಚಿ ನೋಡಿದೆ, ಆಮ್ಯಾಲ ಎಡಗಣ್ಣು ಮುಚ್ಚಿ ನೋಡಿದೆ. ನಾ "ಇದ ನೋಡು" ಅಂತ ಕುಣದಾಡಿದ್ದೆನಲ್ಲ, ಆ ತಗಡು ಹಳೇ ಕಣ್ಣಿಗೆ ಇವತ್ತೂ ನಮ್ಮಪ್ಪನ ಗಾಡಿ ಎಂಜಿನ್. ಹೊಸಾ ಕಣ್ಣಿಗೆ ನೇರಳಿ. ಎಂಥಾ ನೇರಳಿ ಅಂತೀ! ನೋಡಿ ನನಗ ನಾಚಿಕಿ ಬಂತು. ನೀ ಬೈದದ್ದು ಕಮ್ಮಿನ ಆತು.

ಆಮ್ಯಾಲ ಆ ಮೊದಲನೇ ಪಾಕೀಟಿನ ತಗಡು, ಮೂಲಿ ಕತ್ತರಿಸಿದ್ದು, ನಾ ಶಗಣಿ ಅಂದದ್ದು. ಹಳೇ ಕಣ್ಣಿಗೆ ಈಗೂ ಶಗಣಿನ. ಹೊಸಾ ಕಣ್ಣು ತೆಗದು ನೋಡಿದೆ. ಅಸ್ಮಾ, ಅದ ಅದು. ಕೆಂಪೂ ಐತಿ, ಕತ್ತಲಿನೂ ಐತಿ. ನಾ ನೆನಪಿಟ್ಟದ್ದು ತಪ್ಪಿದ್ದಿಲ್ಲ. ಬಾಳೊತ್ತು ಕುಂತಿದ್ದೆ, ಒಂದು ಕಣ್ಣು ಮುಚ್ಚಕೋತ, ಒಂದು ತೆರಕೋತ. ತುಳಜಾ ಬಂದು, "ಯಾರಿಗೆ ಕಣ್ಣು ಹೊಡಿಯಾಕತ್ತೀರಿ ಅಕ್ಕೋರ" ಅಂದ್ಳು.

ಮೂಲಿ ಕತ್ತರಿಸಿದ್ದನ್ನ ಹಚ್ಚು. ಈಗಿಂದೀಗ ಹಚ್ಚು. ಪ್ರದರ್ಶನಕ್ಕ ದಿನಾ ಉಳದಿಲ್ಲ.

ವಿದ್ಯಾವತಿ


ದಾಂಡೇಲಿ
೨೧ ನವೆಂಬರ್ ೨೦೨೪

ಅಕ್ಕೋರಿಗೆ,

ನಿಮ್ಮ ಪತ್ರ ಓದಿ ಅಮ್ಮೀ ಅತ್ಲು. ನಾನೂ ಅಳತಿದ್ದೆ, ಆದ್ರ ನನಗ ಬ್ಯಾರೆ ಚಿಂತಿ ಹತ್ತೇತಿ.

ಎಂಜಿನ್ ಕರ್ರಗ ಐತಿ.

ಕರೇ ಬಣ್ಣ ಹಚ್ಚು ಅಂತ ನೀವು ಬರದ ಪತ್ರ ಕೈಗೆ ಬಂದ ದಿನಾನ, ಸಿಟ್ಟಿನ್ಯಾಗ, ಎರಡು ಕೈ ಹೊಡದು ಮುಗಿಸಿದೆ. ಹಚ್ಚೇನಿ, ತೊಗೊಂಡು ಹೋಗ್ರಿ ಅಂತ ನಿಮ್ಮ ಮುಂದ ನಿಂತು ಅನ್ನಬೇಕಂತನ ಆ ಸಂತಿ ದಿನಾ ಬಂದದ್ದು. ಆಮ್ಯಾಲ ಹೆಂಗ ಹೇಳಲಿ? ದವಾಖಾನಿಯಾಗ ನೀವು ಪಟ್ಟಿ ಕಟಗೊಂಡು ಕುಂತು, "ಬಿಚ್ಚಿದ ಮ್ಯಾಲ ಮೊದಲು ತಗಡು ನೋಡತೇನಿ" ಅಂದ್ರಿ. ಎಂಜಿನ್ನಿಗೆ ಕರೇದು ಬಳದೇನಿ ಅಂತ ಅಲ್ಲಿ ಹೇಳಲೇನು? ನಿಮಗ ಕಣ್ಣು ಕಾಣೂದಿಲ್ಲ ಅಂತ ನೀವು ಹೇಳಲಿಲ್ಲ ಅಂದು ಜಗಳಾಡಿದಾಕಿ ನಾ.

ಇನ್ನೊಂದು ಐತಿ. ಆ ಮೂಲಿ ಕತ್ತರಿಸಿದ್ದು ಅಂದಾಜಿಲೆ ಕೂಡಿಸಿದ್ದು. ಯಾವುದು ಎಷ್ಟು ಹಾಕಿದ್ದೆ ನೆನಪಿಲ್ಲ. ಹೊಸದಾಗಿ ಕೂಡಸಬೇಕು.

ಬೈಯೂದಿದ್ರ ಬೈರಿ.

ಅಸ್ಮಾ


ಮುಂಡಗೋಡ
೨೭ ನವೆಂಬರ್ ೨೦೨೪

ಅಸ್ಮಾ,

ಇಷ್ಟ ತಿಂಗಳಿನ್ಯಾಗ ನಾ ನಿನಗ ಎಷ್ಟ ಮಾತು ಹೇಳೇನಿ. ಅದರಾಗ ನೀ ಕೇಳಿದ್ದು ಒಂದ ಒಂದು, ಅದೂ ಇದು!

ರವಿವಾರ ಬರತೇನಿ. ತಗಡು ಕರವಸ್ತ್ರದಾಗ ಕಟ್ಟಿ ಇಟ್ಟೇನಿ. ನಾ ಬರೂತನಕ ಬಣ್ಣದ ಡಬ್ಬಿ ಮುಟ್ಟಬ್ಯಾಡ. ಎಂಜಿನ್ನ ಹುಬ್ಬಳ್ಳಿಗೆ ಕಳಸಿ ಮತ್ತ ಕಾಸ್ಟಿಕ್ಕಿನ್ಯಾಗ ಮುಳಗಿಸಿದ್ರ ನನ್ನ ನಿನ್ನ ಮಾತು ಮುಗೀತು. ಕೈಲೆ ಕೆರಿಯೂಣು. ಉಸುಕಿನ ಕಾಗದ ತಂದಿಡು, ನನಗೂ ಒಂದು ಹಳೇ ಅಂಗಿ ಇಡು. ಅಮ್ಮೀಗೆ ಹೇಳು, ಹಂಚು ಬಚ್ಚಿಡು ಅಂತ.

ವಿದ್ಯಾವತಿ


ದಾಂಡೇಲಿ
೨೧ ಜನವರಿ ೨೦೨೫

ಅಕ್ಕೋರಿಗೆ ನಮಸ್ಕಾರ. ಎಡಗಣ್ಣಿನ ಪಟ್ಟಿ ಬಿಚ್ಚಿದ್ರಂತ ತುಳಜಾ ಫೋನ್ ಮಾಡಿ ಹೇಳಿದ್ಳು. ಬಗ್ಗಬ್ಯಾಡ್ರಿ, ಅಕ್ಕಿ ಹಸನ ಮಾಡಬ್ಯಾಡ್ರಿ. ಇದನ್ನೂ ಆಕೀನ ಓದಲಿ.

ಬೆಳಗಾವಿಗೆ ಹೋಗಿ ಬಂದೆ. ಬಹುಮಾನ ಬರಲಿಲ್ಲ.

ಸೆಲ್ಫ್ ಸ್ಟಾರ್ಟರ್ ಒಮ್ಮೆ ಹೊಡದದ್ದಕ್ಕ ಗಾಡಿ ಚಾಲೂ ಆತು. ಮಂದಿ ಕೂಡಿದ್ರು. ಬಾನೆಟ್ ಎತ್ತಿದೆ. ನಾವಿಬ್ಬರೂ ಎರಡು ದಿನಾ ಜಗಳಾಡಿ, ನೀಲಿ ಒಂದು ಹನಿ ಹೆಚ್ಚಾತು ಕಮ್ಮಿಯಾತು ಅಂತ ಉಪಾಸ ಬಿದ್ದು ಹಚ್ಚಿದ ಎಂಜಿನ್ ಬಿಸಲಾಗ ಹೆಂಗ ಕಾಣತಿತ್ತಂದ್ರ, ನಿಮಗ ಇದನ್ನ ತೋರಸಾಕ ಆಗಲಿಲ್ಲಲ್ಲ ಅಂತ ನಿಮ್ಮನ್ನ ನೆನಸಿದೆ.

ಪರೀಕ್ಷಾ ಮಾಡವ್ರೊಬ್ಬರು ಬಂದ್ರು, ಹ್ಯಾಟು ಹಾಕಿದವರು. ನನ್ನ ಮಾರಿ ನೋಡಿ ಇಂಗ್ಲಿಷಿನ್ಯಾಗ ಯಾವ ದೇಶದಿಂದ ಬಂದೀಯಮ್ಮಾ ಅಂದ್ರು. ನಮ್ಮ ಸಿದ್ದಿ ಮಂದಿ ಮಾರಿ ನೋಡಿ ಆಫ್ರಿಕಾದವರು ಅನ್ನೂದು ಹೊಸಾದಲ್ಲ, ಆದ್ರೂ ಪ್ರತೀ ಸಲಾ ಮೈ ಉರೀತೈತಿ. "ದಾಂಡೇಲಿ ದೇಶದಿಂದ್ರಿ, ಹಳಿಯಾಳದ ಬಾಜೂಕ" ಅಂದೆ. ಆಮ್ಯಾಲ ಬಗ್ಗಿ ಎಂಜಿನ್ ನೋಡಿದ್ರು. ಕೆಂಪು ಬಾಳಾತು, ಕಂಪನಿ ಬಣ್ಣ ಇದಕ್ಕಿಂತ ಕಂದು ಇರಬೇಕು ಅಂದ್ರು. ಎಲ್ಲಿ ನೋಡೀರಿ ಅಂತ ಕೇಳಿದೆ. ತಮ್ಮ ಗಾಡಿಯಾಗ ಅಂದ್ರು. ನಿಮ್ಮ ಗಾಡಿ ಇಷ್ಟ ವರ್ಷ ಕಾಯ್ದು ಕಾಯ್ದು ಕಂದಾಗೇತ್ರಿ, ನಾ ಇದನ್ನ ಹೊಸದಿದ್ದಾಗ ನೋಡಿದವರನ್ನ ಕೇಳಿ ಹಚ್ಚೇನಿ ಅಂದೆ. ಅವರು ಏನೋ ಗೀಚಿಕೊಂಡು ಮುಂದ ಹೋದ್ರು. ಆ ಗೀಚಿದ್ದ ನಮ್ಮ ಬಹುಮಾನ.

ಆದ್ರ ಸಂಜಿಮುಂದ ಕೊಲ್ಲಾಪುರದ ಹಿರಿಯಾರೊಬ್ಬರು ಬಂದು ಎಂಜಿನ್ ಸುತ್ತ ಬಾಳೊತ್ತು ತಿರಿಗ್ಯಾಡಿದ್ರು. ಅವರ ಕಡೆ ಒಂದು ಹಳೇ ಗಾಡಿ ಐತಂತ, ಮುಂದಿನ ತಿಂಗಳು ಕಳಸತಾರ. ಎಂಜಿನ್ ಹಸರು ಇತ್ತು ಅಂದ್ರು. ಎಂಥಾ ಹಸರು ಅಂತ ಕೇಳಿದೆ. "ಚಿಗರಿದ ಮಾವಿನ ಎಲಿ ಇರತೈತಲ್ಲ, ಅದಲ್ಲ, ಅದಕ್ಕಿಂತ ಸ್ವಲ್ಪ ಮುಂದಿಂದು" ಅಂದ್ರು. ನಾ ಅಲ್ಲೇ ತಲಿ ಹಿಡಕೊಂಡು ಕುಂತೆ.

ಶೆಡ್ಡು ನನಗ ಬಿಟ್ಟು ಸಲೀಮಣ್ಣ ಜೀಪು ಹೊರಗ ನಿಲ್ಲಸಾಕತ್ತಾನ. ಮುಖ ಉಬ್ಬಿಸಿಕೊಂಡಾನ, ಆದ್ರ ನಿಲ್ಲಸ್ಯಾನ.

ಒಂದ ತೊಂದರಿ. ಎರಡನೇ ಗೇರ್ ಬಿಗಿ ಐತಿ, ಹಾಕೂ ಮುಂದ ಕರ್ ಅಂತೈತಿ. ಬಿಚ್ಚಬೇಕಾಗತೈತಿ ಅನಸತೈತಿ.

ಅಸ್ಮಾ


ಮುಂಡಗೋಡ
೨೦ ಫೆಬ್ರುವರಿ ೨೦೨೫

ಅಸ್ಮಾಗೆ,

ಗೇರ್‌ಬಾಕ್ಸ್ ಬಿಚ್ಚಬ್ಯಾಡ! ಕೈ ಹಚ್ಚೀಯಾ ಜೋಕೆ. ಕಂಡದ್ದೆಲ್ಲಾ ಬಿಚ್ಚೂ ಚಟಾ ಬಿಡು.

ಆ ಹ್ಯಾಟಿನವರ ಮಾತು ತುಳಜಾ ಓದಿದಾಗ ಬೈಯೂಣು ಅಂತ ಬಾಯಿ ತೆಗದೆ. ಆದ್ರ ಪಾಪ, ಅವರ ಕಣ್ಣಾಗ ಏನೈತೋ.

ನಿನ್ನಿ ಹುಬ್ಬಳ್ಳಿಗೆ ಹೋಗಿದ್ದೆ. ಡಾಕ್ಟರ್ ಗ್ವಾಡಿ ಮ್ಯಾಲಿನ ಅಕ್ಷರ ಓದಿಸಿದ್ರು, ಕೆಳಗಿನ ಸಾಲು ತನಕ ಓದಿದೆ. ಗಾಡಿ ಹೊಡೀಬಹುದೇನ್ರಿ ಅಂತ ಕೇಳಿದೆ. ಹೊಡೀರಿ, ಹಗಲ ಹೊತ್ತಿನ್ಯಾಗ, ಸಾವಕಾಶ ಅಂದ್ರು. ಯಾವ ಗಾಡಿ ಅಂತ ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಲೈಸೆನ್ಸಿನ ಕೆಲಸಾನೂ ಮುಗಿಸಿ ಬಂದೇನಿ.

ಮುಂದಿನ ಗುರುವಾರ ಬರತೇನಿ. ಪೆಟ್ರೋಲ್ ತುಂಬಿಸಿಡು. ಕೋಗಿಲಬನದ ರಸ್ತಾ ಹಿಡಿಯೂಣು, ನದಿ ಬಾಜೂಕ. ನಾ ಹೊಡೀತೇನಿ, ನೀ ಬಾಜೂಕ ಕುಂಡ್ರು. ಬ್ರೇಕ್ ಹಿಡೀರಿ, ಬ್ರೇಕ್ ಹಿಡೀರಿ ಅಂತ ಒದರಬ್ಯಾಡ.

ಆ ಗೇರ್ ಬಿಗಿ ಇಲ್ಲ. ಮೊದಲಿಂದ ಅದರ ಸ್ವಭಾವನ ಹಂಗ. ಒಂದನೇದರಿಂದ ಎರಡನೇದಕ್ಕ ಹೋಗೂ ಮುಂದ ನಡುವ ಒಂದು ಚೂರು ನಿಂದರಬೇಕು. ಎಷ್ಟು ನಿಂದರಬೇಕು ಅಂತ ಕೇಳಬ್ಯಾಡ, ಬರದು ತಿಳಸಾಕ ಬರೂದಿಲ್ಲ. ನನ್ನ ಕೈ ನೋಡಕೋತ ಕುಂಡ್ರು.

ವಿದ್ಯಾವತಿ